ಹತ್ತಿ ಮಿಲ್ಲಿನ ಹೋಟೆಲಿನಲ್ಲಿ ದಾಕ್ಷಾಯಿಣಿ

ವಿಚ್ಛೇದನದ ತೀರ್ಪು ಬಂದ ದಿನ ದಾಕ್ಷಾಯಿಣಿ ಹೊಳಲ್ಕೆರೆಯ ಬಸ್ಸು ಹತ್ತಲಿಲ್ಲ. ಊರಿಗೆ ಹೋದರೆ ಸಿಕ್ಕಸಿಕ್ಕವರಿಗೆಲ್ಲ ಉತ್ತರ ಕೊಡಬೇಕು. ಚಿತ್ರದುರ್ಗದ ಕೋಟೆಯ ಬುಡದಲ್ಲಿ ಹಳೆಯ ಹತ್ತಿ ಮಿಲ್ಲೊಂದನ್ನು ಚೆಂದದ ಹೋಟೆಲ್ ಮಾಡಿದ್ದರು. ಅವಳ ಟೈಲರಿಂಗ್ ಅಂಗಡಿಗೆ ಬರುವ ಹುಡುಗಿಯರು ಅದರ ಫೋಟೋ ತೋರಿಸಿ ಬಾಯಿ ಚಪ್ಪರಿಸುತ್ತಿದ್ದರು. ಇದ್ದದ್ದು ಬೆರಳೆಣಿಕೆಯ ಕೋಣೆಗಳು. ಎರಡು ದಿನಕ್ಕೆಂದು ಒಂದನ್ನು ಹಿಡಿದಳು.

ಗಾರೆ ಕಾಣದ ಇಟ್ಟಿಗೆ ಗೋಡೆ. ಕುರುಬರ ಕರಿ ಕಂಬಳಿಗೆ ಕಟ್ಟು ಹಾಕಿಸಿ, ದೇವರ ಪಟದ ಹಾಗೆ ತೂಗುಹಾಕಿ, ಮೇಲೊಂದು ಪುಟ್ಟ ದೀಪ ಇಳಿಬಿಟ್ಟಿದ್ದರು. ಮಾಲೀಕ ಕನಕರಾಜ್ ಹಿರಿಯೂರಿನವನು. ಪ್ರತಿಯೊಂದನ್ನೂ ಸವರುತ್ತ ವಿವರಿಸಿದ. ಸಂಜೆ ದಾಕ್ಷಾಯಿಣಿ ಕಿಟಕಿಯಾಚೆಯ ಬಂಡೆಯ ಚಿತ್ರ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಹೋಟೆಲಿನ ಹೆಸರೂ ಅದರಲ್ಲಿ ಕಾಣುತ್ತಿತ್ತು.

ಬೆಳಿಗ್ಗೆ ಅಂಗಳದಲ್ಲಿ ಅಡುಗೆಯ ಬಸಮ್ಮ ಕಲ್ಲಿನ ತಟ್ಟೆಯಲ್ಲಿ ಖಾರ ಮಂಡಕ್ಕಿ ತಂದಿಟ್ಟಳು. ಒಂದು ಹಿಡಿ ಬಾಯಿಗಿಡುವಷ್ಟರಲ್ಲಿ ತಿಪ್ಪೇಶ್ ಎದುರಿಗೆ ನಿಂತಿದ್ದ. ನಿನ್ನೆಯವರೆಗೆ ಅವಳ ಗಂಡನಾಗಿದ್ದವನು.

"ಯಾರ ಜತಿಗೆ ಬಂದೀಯ?"

"ಒಬ್ಳೇ ಬಂದೀನಿ. ನಿಂಗೂ ನಂಗೂ ಮುಗೀತು, ಹೋಗು."

ಏಟು ಕಪಾಳಕ್ಕೆ ಬಿತ್ತು. ಕಲ್ಲಿನ ತಟ್ಟೆ ನೆಲಕ್ಕೆ ಬಿದ್ದು ಹೋಳಾಯಿತು. ಜಡೆ ಹಿಡಿದು ಅವಳನ್ನು ಕುರ್ಚಿಯಿಂದ ಎಳೆದ. ಕಿವಿಯ ಓಲೆ ಅವನ ಬೆರಳಿಗೆ ಸಿಕ್ಕಿ, ಹಾಲೆ ಹರಿದು, ರಕ್ತ ಬಿಸಿಯಾಗಿ ಕುತ್ತಿಗೆಗಿಳಿಯಿತು. ಕನಕರಾಜ್ ಓಡಿ ಬಂದ.

"ಸರ್, ಪ್ಲೀಸ್ ಸರ್, ಗೆಸ್ಟ್‌ಗಳು ಅದಾರೆ. ಮನೆ ವಿಷ್ಯ ಹೊರಗಡೆ ಮಾತಾಡ್ಕಳ್ರಿ."

ತಿಪ್ಪೇಶ್ ಅವಳನ್ನು ಹೆಬ್ಬಾಗಿಲ ಕಡೆಗೆ ಎಳೆದೊಯ್ದ. ಹೊರಗೆ ಅವನ ಕಾರಿತ್ತು, ಬಾಗಿಲು ತೆರೆದೇ ಇತ್ತು. ಅದರೊಳಗೆ ಬಿದ್ದರೆ ತನ್ನ ಕಥೆ ಮುಗಿಯಿತು ಎಂದು ಅವಳಿಗೆ ಗೊತ್ತಾಯಿತು. ಹೊಸಿಲಲ್ಲಿ ಬಾಗಿಲವಾಡವನ್ನು ತಬ್ಬಿಕೊಂಡಳು. ಅವನು ಬೆನ್ನಿಗೆ ಒದ್ದ. ಕುಸಿದಾಗ ಅವಳ ಕೈಗೆ ಬಾಗಿಲು ಮುಚ್ಚದಂತೆ ಆನಿಸಿಟ್ಟಿದ್ದ, ಮಿಲ್ಲಿನ ಕಾಲದ ಕಬ್ಬಿಣದ ತೂಕದ ಬಟ್ಟು ತಾಗಿತು. ಎತ್ತಿ ಬೀಸಿದಳು. ಅವನ ಮಣಿಕಟ್ಟು ಒಣಕಡ್ಡಿಯಂತೆ ಲಟಕ್ಕೆಂದಿತು.

ತಿಪ್ಪೇಶ್ ಕಿರುಚುತ್ತ ಮಂಡಿಯೂರಿದ. ಅವಳು ಮಂಡಿಗೂ ಹೊಡೆದಳು. ಅಂಗಾತ ಬಿದ್ದವನ ತಲೆಯ ಮೇಲೆ ಬಟ್ಟನ್ನು ಎರಡೂ ಕೈಯಲ್ಲಿ ಎತ್ತಿದಳು.

"ದಾಕ್ಷಿ, ಬ್ಯಾಡ, ಬ್ಯಾಡ ಕಣೇ..."

ಮುರಿಯದ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಅವನ ಮನೆಯಲ್ಲಿದ್ದಾಗ ಅಡುಗೆಮನೆಯ ಮೂಲೆಯಲ್ಲಿ ಅವಳೂ ಹೀಗೇ ಮುಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಕನಿಕರ ಬರಲಿಲ್ಲ. ಮೈತುಂಬ ಏನೋ ಸುಖ ಹರಿಯಿತು.

ಬಸಮ್ಮ ಹಿಂದಿನಿಂದ ಬಂದು ಅವಳ ಸೊಂಟ ತಬ್ಬಿದಳು. "ಸತ್ತೋಗ್ತಾನೆ ಕಣವ್ವ! ಈ ಮುಂಡೇಗಂಡನ ಸಲುವಾಗಿ ಜೈಲಿಗೋಗ್ತೀಯೇನು?"

"ಬಿಡ್ರಿ ನನ್ನ! ಬಿಡ್ರಿ!"

ಬಸಮ್ಮ ಬಿಡಲಿಲ್ಲ. ಬಟ್ಟು ಜಾರಿ ತಿಪ್ಪೇಶನ ಕಿವಿಯ ಪಕ್ಕದಲ್ಲೇ ಬಿದ್ದು ನೆಲದ ಹಾಸು ಸೀಳಿತು.

ಪೊಲೀಸರು ಬಂದಾಗ ಕನಕರಾಜ್, "ಸಿಸಿಟಿವಿ ಕೆಟ್ಟೈತೆ ಸರ್," ಅಂದ.

"ಯಾವಾಗ ಕೆಡ್ತು?" ಬಸಮ್ಮ ಕೇಳಿದಳು. "ಬೆಳಿಗ್ಗೆ ನಾನು ಗ್ಲಾಸು ಒಡ್ದಿದ್ದನ್ನ ಅದ್ರಾಗೇ ನೋಡಿ ಬೈದ್ರಲ್ಲ?"

ಕೇಸು ತಿಪ್ಪೇಶ್, ದಾಕ್ಷಾಯಿಣಿ ಇಬ್ಬರ ಮೇಲೂ ಆಯಿತು. ಅವಳು ಮೊದಲು ಹೊಡೆದವಳಲ್ಲ ಎನ್ನುವುದು ಮಾತ್ರ ಕ್ಯಾಮೆರಾದಲ್ಲಿ ಸ್ಪಷ್ಟವಾಗಿತ್ತು. ಕಿವಿಗೆ ಹೊಲಿಗೆ ಹಾಕಿಸಿಕೊಂಡು ಮಧ್ಯಾಹ್ನ ಅವಳು ಅದೇ ಹೋಟೆಲಿಗೆ ಮರಳಿದಳು. ಕನಕರಾಜ್ ಬಾಗಿಲಲ್ಲೇ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ.

"ಬೇರೆ ಕಡೆ ರೂಮು ಕೊಡಿಸ್ತೀನಿ ಮೇಡಂ..."

"ನಾಳೆವರ್ಗೂ ನಂದೇ ಐತೆ. ದಾರಿ ಬಿಡ್ರಿ."

ಕೋಣೆಯಲ್ಲಿ ಮಲಗಿದರೂ ನಿದ್ದೆ ಬರಲಿಲ್ಲ. ಬಸಮ್ಮ ತಡೆಯದಿದ್ದರೆ ತಾನು ಹೊಡೆದೇ ಬಿಡುತ್ತಿದ್ದೆ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ತಿಪ್ಪೇಶನಿಗಿಂತ ಈಗ ಅದೇ ಅವಳನ್ನು ಹೆದರಿಸುತ್ತಿತ್ತು.

ಬಸಮ್ಮ ಮುದ್ದೆ, ಸೊಪ್ಪಿನ ಸಾರು ತಂದು ಮಂಚದ ಮೇಲೆಯೇ ಇಟ್ಟಳು. "ಉಣ್ಣವ್ವ, ಬಿಸಿ ಆರ್ತದೆ."

ದಾಕ್ಷಾಯಿಣಿ ಬಟ್ಟು ಬೀಸಿದ್ದ ತನ್ನ ಬಲಗೈಯನ್ನು ನೋಡಿದಳು. ಎಡಗೈಯಿಂದ ಅದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ತುತ್ತು ಮುರಿದಳು.