ಭದ್ರಶ್ರೀ ಎಂಬ ಲಿಲ್ಲಿ

"ತ್ರಿವೇಣಿ, ನಿನ್ ಡೇಟು ಇವತ್ತಲ್ವೇನಮ್ಮಾ? ಒಳಕ್ಕೆ ಕಾಲಿಕ್ಬೇಡ, ಆಚೆ ಕುಂತ್ಕೊ."

ಸೂಪರ್‌ವೈಸರ್ ಭೀಮರಾಜ್ ಕ್ಯಾಲೆಂಡರಿನ ಮೇಲೆ ಬೆರಳಿಟ್ಟುಕೊಂಡೇ ಹೇಳಿದ. ಗುಬ್ಬಿ ರಸ್ತೆಯ ಆ ಲಿಲ್ಲಿ ಫಾರಮ್ಮಿನಲ್ಲಿ ಒಂದು ಹೂವಿನ ಪರಾಗ ಇನ್ನೊಂದಕ್ಕೆ ತಾಕಿಸಿ ತಳಿ ಕೂಡಿಸುವ ಹೆಂಗಸರ ಮುಟ್ಟಿನ ದಿನಗಳೆಲ್ಲ ಕೆಂಪು ಶಾಯಿಯಲ್ಲಿ ಗೋಡೆಗೆ ನೇತಾಡುತ್ತಿದ್ದವು. ಮುಟ್ಟಾದವರ ಕೈ ತಾಗಿದರೆ ಬೀಜ ಕಟ್ಟುವುದಿಲ್ಲವೆಂದು ಮಾಲೀಕ ಅನಂತರಾಜುವಿನ ತಾಯಿ ಭದ್ರಮ್ಮನ ಕಟ್ಟಪ್ಪಣೆ. ತಿಂಗಳಿಗೆ ಮೂರು ದಿನ ಆಚೆ, ಅದೂ ಗೈರುಹಾಜರಿಯ ಲೆಕ್ಕಕ್ಕೆ. ತಪ್ಪಿಸದೆ ಬಂದವರಿಗಷ್ಟೇ ಕೆಲಸ ಕಾಯಂ ಮಾಡುವ ಕಾಗದ. ಗೊಬ್ಬರ ಹೊರುವ ಗಂಡಸರಿಗೆಲ್ಲ ಆ ಕಾಗದ ಸಿಕ್ಕಿತ್ತು. ಹನ್ನೊಂದು ವರ್ಷ ದುಡಿದ ತ್ರಿವೇಣಿಯ ತಾಯಿ ಸಿದ್ದಲಕ್ಷ್ಮಮ್ಮನಿಗೆ ಸಿಕ್ಕಿರಲಿಲ್ಲ. ಮಗಳಿಗಾದರೂ ಕೊಡಿ ಎಂದು ಅಂಗಲಾಚಿದಾಗ ಅನಂತರಾಜು ನಕ್ಕಿದ್ದ: "ಈ ತಿಂಗ್ಳು ಒಂದಿನಾನೂ ತಪ್ಪಿಸ್ದೆ ಬರ್ಲಿ, ನೋಡೋಣ."

"ಕಾಗ್ದ ಹೋಯ್ತು ಕಣವ್ವಾ," ಎಂದಳು ತ್ರಿವೇಣಿ, ಚಪ್ಪರದ ಕಂಬಕ್ಕೆ ಒರಗಿ.

ಒಳಗೆ ಹೊಸ ತಳಿಗೆ ಹೆಸರಿಡುವ ಪೂಜೆ. ಮದುವೆ ಸ್ಟೇಜಿಗೂ ಹೆಣದ ಗಾಡಿಗೂ ಹೋಗುವ ಲಿಲ್ಲಿ ಅವತ್ತೇ ಮೊದಲು ದೇವರ ಪಟಕ್ಕೆ ಏರಲಿತ್ತು. ಬಿಳಿ ಎಸಳು, ಬುಡದಲ್ಲಿ ಎಳೆಗೆಂಪು. ಹೆಸರು ಭದ್ರಶ್ರೀ.

ಬಾಗಿಲಲ್ಲಿ ನಿಂತ ಸಿದ್ದಲಕ್ಷ್ಮಮ್ಮ ಆ ಹೂವಿನಿಂದ ಕಣ್ಣು ಕೀಳಲಿಲ್ಲ. ನಾಲ್ಕು ವರ್ಷದ ಹಿಂದೆ ಇದರ ತಾಯಿಗಿಡ ಅರಳಿದ ಬೆಳಿಗ್ಗೆ, ನಡುಕಡ್ಡಿಯ ತುದಿಯಲ್ಲಿ ಅಂಟಿನ ಹನಿ ಮೂಡಿತ್ತು. ಅದು ಆರುವಷ್ಟರಲ್ಲಿ ಬಿಳಿ ಹೂವಿನ ಪರಾಗ ತಾಕಿಸಬೇಕು; ಹೂವು ಯಾರ ಕ್ಯಾಲೆಂಡರಿಗೂ ಕಾಯುವುದಿಲ್ಲ. ಕಿಬ್ಬೊಟ್ಟೆ ಹಿಂಡುತ್ತಿದ್ದರೂ ಭೀಮರಾಜನಿಗೆ "ಇನ್ನೂ ಆಗಿಲ್ಲಪ್ಪ" ಎಂದು ಸುಳ್ಳು ಹೇಳಿ ಒಳಗೆ ಹೋಗಿದ್ದಳು. ತಾಕಿಸಿದ್ದಳು. ಕಾಯಿ ಕಟ್ಟಿತ್ತು.

ಭದ್ರಮ್ಮ ಹೂವನ್ನು ಪಟದತ್ತ ಎತ್ತಿದಳು.

"ಅಮ್ಮೋರೇ, ಒಸಿ ನಿಲ್ಲಿ." ಸಿದ್ದಲಕ್ಷ್ಮಮ್ಮನ ದನಿ ಅವಳಿಗೇ ಗುರುತು ಹತ್ತಲಿಲ್ಲ. "ಈ ಹೂವ ಕೂಡ್ಸಿದ್ದು ನಾನು. ಅವತ್ತು ನಾನು ಆಚೆ ಆಗಿದ್ದೆ. ಕಾಯಿ ಕಟ್ತಲ್ಲಾ? ಅಂಗಂದ್ಮೇಲೆ ನನ್ ಮಗಳ್ನ ಯಾಕೆ ಆಚೆ ಕೂರಿಸ್ತೀರಾ?"

ಗಂಟೆ ಬಾರಿಸುತ್ತಿದ್ದ ಕೈ ನಿಂತಿತು. ಭದ್ರಮ್ಮನ ಕೈಯಿಂದ ಹೂವು ಜಾರಿತು.

"ಏನೇ, ನಾಲ್ಕು ವರ್ಷ ಹೊಟ್ಟೇಲಿಟ್ಕೊಂಡು ಇವತ್ತು ಕಕ್ತಾ ಇದೀಯಾ?" ಎಂದಳು ಭದ್ರಮ್ಮ.

"ಈ ಗಿಡಾನೆಲ್ಲ ಕಿತ್ತು ಬಿಸಾಕ್ಸಿ ಸಾರ್," ಎಂದ ಭೀಮರಾಜ್.

ಅನಂತರಾಜು ಅವನನ್ನು ಸುಡುವಂತೆ ನೋಡಿದ. "ತಲೆ ನೆಟ್ಟಗಿದೆಯೇನ್ಲಾ? ಆರು ಸಾವಿರ ಗೆಡ್ಡೆ ಕಣೋ. ಗಂಜಲ ತರ್ಸು, ಚಿಮುಕ್ಸು. ಶುದ್ಧ ಆಯ್ತದೆ." ಆಮೇಲೆ ಗೇಟಿನ ಕಡೆ ಕೈ ತೋರಿಸಿದ. "ಇವರಿಬ್ಬರ್ನೂ ಆಚೆ ಹಾಕು. ನಾಳೆಯಿಂದ ಈ ಕಡೆ ತಲೆ ಹಾಕಂಗಿಲ್ಲ."

ಮಾವಿನ ಸೊಪ್ಪಿನಿಂದ ಗಂಜಲ ಚಿಮುಕಿಸಿದರು. ಸಾಲುಸಾಲು ಭದ್ರಶ್ರೀಗಳು ಒದ್ದೆಯಾಗಿ ತಲೆದೂಗಿದವು.

"ಯಾಕವ್ವಾ ಬಾಯ್ಬುಟ್ಟೆ?" ತ್ರಿವೇಣಿ ಬಿಕ್ಕಿದಳು. "ಕೂಲಿನಾದ್ರೂ ಇತ್ತು."

ಸಿದ್ದಲಕ್ಷ್ಮಮ್ಮ ಮಗಳ ಕೈ ಹಿಡಿದು ಗೇಟಿನ ಕಡೆ ನಡೆದಳು. ತಳಿ ಕೋಣೆಯ ಪ್ಲಾಸ್ಟಿಕ್ ಗೋಡೆಯ ಪಕ್ಕ ಅವಳ ಕಾಲು ನಿಂತಿತು. ಒಳಗೆ, ನಿನ್ನೆ ತ್ರಿವೇಣಿ ಕೂಡಿಸಲೆಂದು ಪರಾಗದ ಚೀಲ ಕಿತ್ತು, ಗುರುತಿಗೆ ದಾರ ಕಟ್ಟಿದ್ದ ಹೂವು ಪೂರ್ತಿ ಬಿರಿದಿತ್ತು. ನಡುಕಡ್ಡಿಯ ತುದಿಯಲ್ಲಿ, ಪರಾಗಕ್ಕೆ ಕಾದ ಹನಿ ಹೊಳೆಯುತ್ತಿತ್ತು.

ಭೀಮರಾಜ್ ಬಾಗಿಲೆಳೆದು ಬೀಗ ಹಾಕಿದ. ಬಿಸಿಲು ಪ್ಲಾಸ್ಟಿಕ್ಕಿನ ಮೇಲೆ ಏರುತ್ತಿತ್ತು.