ಹುಳು ಇರುವ ಮನೆಗೆ ಫಾರ್ಮಲಿನ್ ಬೇಡ

ಮಲ್ಲತ್ತಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂಗಿನಿಂದ ಕೈ ತೆಗೆಯುವ ಹಾಗಿರಲಿಲ್ಲ. ಬೇಸ್‌ಮೆಂಟಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ತೊಟ್ಟಿಯಿದೆ, ಎಲ್ಲರೂ ಎಸ್‌ಟಿಪಿ ಅನ್ನುತ್ತಾರೆ. ಅದಕ್ಕೆ ಗಾಳಿ ಊದುವ ಮಷೀನು ಕೆಟ್ಟು ನಾತ ಶುರುವಾಯಿತು. ಮಷೀನು ರಿಪೇರಿಯಾಯಿತು, ನಾತ ಮಾತ್ರ ಇನ್ನೂ ಹೆಚ್ಚಿತು. ಭಾನುವಾರ ಕಟ್ಟಡದ ಮಾಲೀಕ ಬೈರಪ್ಪನವರ ಮಗಳು ಗಗನಾಳ ನಿಶ್ಚಿತಾರ್ಥ, ಅದೂ ಇಲ್ಲೇ!

ಏನಾಗಿದೆ ನೋಡೋಣವೆಂದು ಕೆಳಗಿಳಿದೆ. ಬೈರಪ್ಪ ಹಳೇ ಕ್ಯಾನೊಂದರ ಮುಚ್ಚಳ ತಿರುಗಿಸುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಖಾಲಿ ಬಿದ್ದಿತ್ತು. ನನ್ನ ಕಣ್ಣು ಉರಿಯಿತು.

"ಏನ್ರೀ ಅದು?"

"ಫಾರ್ಮಲಿನ್ ಮೇಡಂ. ರೇಷ್ಮೆ ಸಾಕ್ತಿದ್ದಾಗ ರೋಗ ಬರ್ದಿರ್ಲಿ ಅಂತ ಹುಳು ಮನೆಗೆ ಹೊಡೀತಿದ್ವಲ್ಲ, ಉಳಿದಿತ್ತು. ಒಂದು ಕ್ಯಾನ್ ಹಾಕಾಯ್ತು, ಜಗ್ಗಲಿಲ್ಲ. ಇದನ್ನೂ ಸುರಿದ್ರೆ ನಾತ ಅಡಗತ್ತೆ."

ತಲೆ ಚಚ್ಚಿಕೊಳ್ಳುವಂತಾಯಿತು. ಜನ್ಮವೆಲ್ಲ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದ್ದೇನೆ, ಬಾಡಿಗೆಗಿರುವ ಮನೆಯ ಕೆಳಗೇ ಈ ಅವಾಂತರ.

"ರೀ, ಆ ತೊಟ್ಟೀಲಿ ಕೆಲಸ ಮಾಡೋದೇ ಬ್ಯಾಕ್ಟೀರಿಯಾ. ಕೊಳೆ ತಿನ್ನೋದನ್ನೇ ಸಾಯಿಸಿದ್ರೆ ನಾತ ಬರ್ದೆ ಇನ್ನೇನ್ ಬರತ್ತೆ?"

ಅವರ ಹೆಂಡತಿ ಹನುಮಕ್ಕ ಮೆಟ್ಟಿಲ ಮೇಲಿಂದಲೇ ರಾಗ ಎಳೆದರು. "ಫಾರ್ಮಲಿನ್ನೇ ತಿನ್ನೋ ಬ್ಯಾಕ್ಟೀರಿಯಾ ಇದಾವಂತೆ, ಗಗನಾ ಹೇಳ್ತಿದ್ಲು. ತಿನ್ಕೊಳ್ಲಿ ಬಿಡಿ ಟೀಚರಮ್ಮ."

"ಇದಾವೆ ಕಣ್ರೀ. ಅವುಗಳ ಮೈಯೊಳಗೆ ಎಂಜೈಮ್ ಅಂತ ಇರತ್ತೆ, ಒಂದೊಂದಕ್ಕೆ ಒಂದೊಂದೇ ಕೆಲಸ. ಒಂದು ಎಂಜೈಮ್ ಫಾರ್ಮಲಿನ್‌ನಲ್ಲಿರೋ ಫಾರ್ಮಾಲ್ಡಿಹೈಡನ್ನ ಫಾರ್ಮಿಕ್ ಆಮ್ಲ ಮಾಡತ್ತೆ. ಮಾವಿನ ಮರದ ಕೆಂಜಿಗ ಕಚ್ಚಿದ್ರೆ ಉರಿಯತ್ತಲ್ಲ, ಅದೇ ಆಮ್ಲ. ಇನ್ನೊಂದು ಎಂಜೈಮ್ ಅದನ್ನ ಕಾರ್ಬನ್ ಡೈಆಕ್ಸೈಡ್ ಮಾಡಿ ಹೊರಗೆ ಬಿಡತ್ತೆ. ಚೂರುಪಾರು ಇದ್ರೆ ಹೀಗೆ ಅರಗಿಸ್ಕೊಳ್ತವೆ. ಕ್ಯಾನ್‌ಗಟ್ಟಲೆ ಸುರಿದ್ರೆ ಫಾರ್ಮಾಲ್ಡಿಹೈಡು ಆ ಎಂಜೈಮ್‌ಗೇ ಅಂಟ್ಕೊಂಡು ಕೆಲಸ ನಿಲ್ಲಿಸತ್ತೆ, ಎಲ್ಲಾ ಸಾಯ್ತವೆ."

"ಫಾರ್ಮಲಿನ್ ಅಂದ್ರೆ ಶುದ್ಧ ಮೇಡಂ. ನಮ್ಮಪ್ಪನ ಕಾಲದಿಂದ ನೋಡಿದೀನಿ." ಬೈರಪ್ಪನವರ ಕೈ ಮತ್ತೆ ಮುಚ್ಚಳಕ್ಕೇ! ಅಯ್ಯೋ ದೇವರೇ, ಈ ಮನುಷ್ಯನಿಗೆ ಹೇಗೆ ಹೇಳುವುದು?

"ಹುಳು ಒಳಗೆ ಸೊಪ್ಪು ತಿಂತಿದ್ದಾಗ ಹೊಡೀತಿದ್ರಾ?"

"ಏನ್ ಮಾತಾಡ್ತೀರಾ ಮೇಡಂ! ಸತ್ತೋಗ್ತವೆ. ಮನೆ ಖಾಲಿ ಮಾಡ್ಕೊಂಡು ಹೊಡೀಬೇಕು, ಗಾಳಿ ಆಡಕ್ಕೆ ಬಿಡ್ಬೇಕು, ಆಮೇಲೇ ಹುಳು."

"ಈ ತೊಟ್ಟೀನೂ ಹುಳು ಮನೇನೇ. ಖಾಲಿ ಇರ್ಲಿಲ್ಲ."

ಅವರ ಕೈ ನಿಂತಿತು. "ಅಷ್ಟನ್ನೂ ಸಾಯಿಸ್ಬಿಟ್ನಾ?" ಎಂದರು.

ಎಸ್‌ಟಿಪಿ ನೋಡಿಕೊಳ್ಳುವವರು ಬಂದು ಕೆಟ್ಟ ನೀರು ತೆಗೆಸಿದರು. ಚೆನ್ನಾಗಿ ನಡೆಯುವ ಬೇರೊಂದು ತೊಟ್ಟಿಯಿಂದ ಬ್ಯಾಕ್ಟೀರಿಯಾ ತುಂಬಿದ ಕೆಸರು ತಂದು ಹಾಕಿದರು. ಉಳಿದ ಕ್ಯಾನು ವಿಷಕಾರಿ ತ್ಯಾಜ್ಯ ಒಯ್ಯುವವರ ಕೈ ಸೇರಿತು. ಆದರೆ ನಾತ ತಕ್ಷಣ ಹೋಗುವಂಥದ್ದಲ್ಲ, ನಿಶ್ಚಿತಾರ್ಥದ ದಿನವೂ ಕೊಂಚ ಇತ್ತು.

ಗೋವಿಂದರಾಜನಗರದಿಂದ ಬಂದ ಬೀಗರು ಮೂಗಿಗೆ ಕರ್ಚೀಫ್ ಹಿಡಿದು, "ಒಂದ್ ಬಾಟ್ಲಿ ಆಸಿಡ್ ಸುರಿಸ್ಬಾರ್ದಾ ಬೈರಪ್ಪೋರೇ?" ಎಂದರು. ಗಗನಾ ಗಾಬರಿಯಿಂದ ಅಪ್ಪನ ಮುಖ ನೋಡಿದಳು.

"ಹುಳು ಈಗ ತಾನೇ ಮೇಯಕ್ಕೆ ಶುರು ಮಾಡಿದಾವೆ ಬೀಗ್ರೇ!" ಬೈರಪ್ಪ ರೇಗಿಯೇಬಿಟ್ಟರು. "ಒಂದ್ಸಲ ನಾನೇ ಸಾಯಿಸಿದೀನಿ. ಇನ್ನೊಂದ್ಸಲ ಯಾರಿಗೂ ಬಿಡಲ್ಲ."

ಬೀಗರು ಕರ್ಚೀಫ್ ಜೇಬಿಗಿಟ್ಟು ಊಟಕ್ಕೆ ಕುಳಿತರು.

ಓದುವವರೇ, ನಿಮ್ಮ ಕಟ್ಟಡದ ಕೆಳಗೂ ಇಂಥದೊಂದು ಹುಳು ಮನೆ ಇರಬಹುದು. ನಾತ ಬಂದರೆ ಗಾಳಿ ಮಷೀನು ಓಡುತ್ತಿದೆಯೇ ನೋಡಿ, ತಿಳಿದವರನ್ನು ಕರೆಸಿ. ಫಾರ್ಮಲಿನ್ನೂ ಬೇಡ, ಆಸಿಡ್ಡೂ ಬೇಡ. ದಯವಿಟ್ಟು ಸುರಿಯಬೇಡಿ. ಎಷ್ಟು ಸಲ ಹೇಳುವುದು!