ಹುಳುಮನೆ ಖಾಲಿಯಾದ ಮೇಲೆ ಹೊಗೆ

ವಿರೂಪಾಕ್ಷಿಪುರದ ಮಗ್ಗುಲಿಗಿರುವ ಆ ಹಳ್ಳಿಯಲ್ಲಿ ಸಂಜೆ ಆರಾದರೆ ಬಾಯಿ ತೆರೆದು ಮಾತಾಡುವಂತಿರಲಿಲ್ಲ, ಸೊಳ್ಳೆ ಒಳಗೆ ಹೋಗುತ್ತಿತ್ತು. ಹೋದ ವರ್ಷ ಹದಿನಾಲ್ಕು ಜನ ಡೆಂಗಿಯಿಂದ ಹಾಸಿಗೆ ಹಿಡಿದರು. ಮಾಯಮ್ಮನ ಗಂಡ ಬೋರಲಿಂಗಯ್ಯ ಅವರಲ್ಲೊಬ್ಬ. ಹನ್ನೆರಡು ದಿನ ಮಲಗಿ ಎದ್ದಾಗ ಅವನ ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಅಂಥ ಊರಿಗೆ ಸೊಳ್ಳೆ ಕೊಲ್ಲುವ ಹೊಗೆ ಗಾಡಿ ಬಂದರೆ ಆರತಿ ಎತ್ತಬೇಕು. ಮುಂದಿನ ಬುಧವಾರ ಗಾಡಿ ಬರುತ್ತದೆಂದು ಸುದ್ದಿ ತಿಳಿದ ಮಾಯಮ್ಮ ಪೊರಕೆ ಎತ್ತಿದಳು.

ಕಾರಣವಿತ್ತು. ಆ ಊರಲ್ಲಿ ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಾರೆ. ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡವರನ್ನು ಹುಳುಮನೆಗೆ ಸೇರಿಸುವುದಿಲ್ಲ. ಸ್ವಂತ ಅಳಿಯ ಬಂದರೂ ಕಾಲು ತೊಳೆದುಕೊಂಡು ಬಾಗಿಲಾಚೆಯೇ ನಿಲ್ಲಬೇಕು. ಹೋದ ವರ್ಷ ಹುಳು ಇನ್ನೇನು ಎರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವಾಗ ಆ ಗಾಡಿ ಬಂದು, ಬೀದಿ ತುಂಬ ಹೊಗೆ ಉಗುಳಿಕೊಂಡು ಹೋಯಿತು. ಬೆಳಿಗ್ಗೆ ತಟ್ಟೆತಟ್ಟೆಯಲ್ಲೂ ಹುಳು ಹಸಿರು ಕಕ್ಕಿ ಸತ್ತಿದ್ದವು. ಈ ವರ್ಷವೂ ಬುಧವಾರಕ್ಕೆ ಸರಿಯಾಗಿ ಹುಳು ಹಣ್ಣಾಗುವುದರಲ್ಲಿತ್ತು.

"ಬರ್ಲಿ ಆ ಗಾಡಿ, ಟೈರ್ ಕಚ್ಚಾಕ್ತೀನಿ!"

"ಹುಷಾರು ಮಾಯಕ್ಕ, ಇರೋದೇ ಒಸಿ ಹಲ್ಲು," ಎನ್ನುತ್ತಾ ಹಮೀದಾ ಜಗಲಿಯ ಮೇಲೆ ಕೂತಳು. ಅವಳು ಹೋಬಳಿಯ ಮಹಿಳಾ ಸಂಘಗಳ ಒಕ್ಕೂಟದ ಅಧ್ಯಕ್ಷೆ. "ನಾಳೆ ಚನ್ನಪಟ್ಟಣದಲ್ಲಿ ಮೀಟಿಂಗ್ ಐತೆ. ಈ ಸೊಳ್ಳೆ ಯೋಜ್ನೆಗೆ ದುಡ್ಡು ಕೊಡೋ ಹೊರದೇಶದೋರೇ ಬತ್ತಾವ್ರೆ. ಸಂಘದೋರೂ ಬನ್ನಿ ಅಂತ ಕಾಗ್ದ ಬಂದೈತೆ. ನಡಿ ಹೋಗವಾ."

"ನಾನ್ಯಾಕವ್ವಾ? ದುಡ್ಡು ಅವ್ರುದು, ಗಾಡಿ ಅವ್ರುದು. ಹಿಪ್ನೇರ್ಳೆ ಸೊಪ್ಪು ಕುಯ್ಯೋಳು ಹೋಗಿ ಅವ್ರಿಗೆ ಬುದ್ಧಿ ಹೇಳ್ಲಾ?"

"ದುಡ್ಡು ಅವ್ರುದೇ. ಸೊಳ್ಳೆ ಕಚ್ಚೋದು ಯಾರ್ಗೆ? ಹುಳ ಸಾಯೋದು ಯಾರ್ದು? ನೆರವು ಕೊಡೋಕ್ ಮುಂಚೆ ಆ ಊರಿನ ಸಂಘಗಳ್ನ ಕೇಳ್ಬೇಕು ಅಂತ ಅವ್ರ ಕರಾರ್ನಲ್ಲೇ ಬರ್ದೈತೆ. ಕೇಳೋಕೆ ಅವ್ರು ಕೂತವ್ರೆ, ಹೇಳೋಕೆ ನಾವೇ ಹೋಗ್ನಿಲ್ಲ ಅಂದ್ರೆ?"

"ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ, ನಿಮ್ಮಪ್ಪನಾ?"

ಒಳಗಿನಿಂದ ಬೋರಲಿಂಗಯ್ಯ ಕೂಗಿದ. "ನಾನ್ ಹಾಕ್ತೀನಿ ಹೋಗೇ! ಹುಳಕ್ಕೂ ನಂಗೂ ಒಂದಿನ ಸದ್ದಿಲ್ದೆ ಇರೋಹಂಗಾಯ್ತದೆ."

ಮರುದಿನ ಸಭೆಯಲ್ಲಿ ಯೋಜನೆಯ ಅಧಿಕಾರಿ ಉದಯಶಂಕರ್ ವರದಿ ಓದಿದ. ಹೊರದೇಶದಿಂದ ಬಂದ ಹೆಂಗಸಿನ ಕಿವಿಯಲ್ಲಿ ಒಬ್ಬಳು ಅದನ್ನು ಅವರ ಭಾಷೆಯಲ್ಲಿ ಹೇಳುತ್ತಿದ್ದಳು. "ಹಳ್ಳಿಗಳ ಮಹಿಳಾ ಸಂಘಗಳೊಂದಿಗೆ ಚರ್ಚಿಸಿ ಒಪ್ಪಿಗೆ ಪಡೆಯಲಾಗಿದೆ" ಎಂಬ ಸಾಲು ಬಂದದ್ದೇ ತಡ, ಮಾಯಮ್ಮ ಕುರ್ಚಿ ಒದ್ದು ಎದ್ದಳು.

"ಸುಳ್ಳು! ಯಾರು ಒಪ್ಪಿದ್ದು? ಹೆಸ್ರು ಹೇಳಿ ನೋಡವಾ!"

ಉದಯಶಂಕರ್ ಪುಟ ತಿರುವಿ ಹಾಳೆಯೊಂದನ್ನು ಅವಳ ಮುಂದೆ ಹಿಡಿದ. ರುಜುಗಳ ಸಾಲು. ಮೂರನೆಯದು ಸೊಟ್ಟಗೆ, ದಪ್ಪಗೆ: ಮಾಯಮ್ಮ.

ಅವಳಿಗೆ ನೆನಪಾಯಿತು. ಹೋದ ವರ್ಷ ಹೊಗೆ ಗಾಡಿ ಬರುವ ಮುಂಚೆ ಜೀಪಿನಲ್ಲಿ ಇಬ್ಬರು ಬಂದಿದ್ದರು. ಹುಳುವಿಗೆ ಸೊಪ್ಪು ಹಾಕುವ ಹೊತ್ತು. ಸಂಘದವರು ಒಬ್ಬರೂ ಕೂತು ಅವರ ಮಾತು ಕೇಳಲಿಲ್ಲ. ಬಂದವರು ಟೀ ಕೊಟ್ಟರು, ಬನ್ ಕೊಟ್ಟರು, ರುಜು ಹಾಕುವ ಪುಸ್ತಕ ಮುಂದಿಟ್ಟರು. ಮಾಯಮ್ಮ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿ ರುಜು ಹಾಕಿ ಓಡಿದ್ದಳು. ಅವಳ ಹಿಂದೆ ಇಡೀ ಸಂಘ ಹಾಗೆಯೇ ಹಾಕಿತ್ತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಯಮ್ಮನಿಗೆ ಹಾಗೇ ಊರಿಗೆ ಹೋಗಿಬಿಡೋಣ ಅನ್ನಿಸಿತು. ಆದರೆ ಹೋದರೆ ಬುಧವಾರ ಹುಳು ಸಾಯುತ್ತವೆ. ಹಮೀದಾ ಅವಳ ಸೊಂಟಕ್ಕೆ ತಿವಿದಳು. "ನಿನ್ನ ತಪ್ಪೂ ಹೇಳು, ಅವ್ರ ತಪ್ಪೂ ಹೇಳು."

"ರುಜು ನಂದೇ," ಎಂದಳು ಮಾಯಮ್ಮ. "ಬನ್ ತಿಂದೋಳೂ ನಾನೇ. ಓದ್ಸಿ ಕೇಳ್ದೆ ಹಾಕ್ಬುಟ್ಟೆ, ಅದು ನನ್ ತಪ್ಪು. ಬನ್ ತಿಂದಿದ್ಕೆ ಹಾಕಿದ ರುಜೂನ ಹೊಗೆ ಬುಡೋಕೆ ಒಪ್ಪಿಗೆ ಅಂತ ಬರ್ಕೊಂಡ್ರಲ್ಲ, ಅದು ಯಾರ್ ತಪ್ಪು ಸಾ? ನಮ್ ಹುಳ ಎಲ್ಲಾ ಹೋಯ್ತಲ್ಲ ಸಾ!"

ಹೊರದೇಶದ ಹೆಂಗಸು ಏನೋ ಕೇಳಿದರು. ಪಕ್ಕದವಳು ಕನ್ನಡದಲ್ಲಿ ಹೇಳಿದಳು: "ಜ್ವರವನ್ನೂ ತಡೆಯಬೇಕಲ್ಲ. ಏನು ಮಾಡಬೇಕು, ನೀವೇ ಹೇಳಿ."

ಈ ಪ್ರಶ್ನೆಯನ್ನು ಮಾಯಮ್ಮನಿಗೆ ಅದುವರೆಗೆ ಒಬ್ಬ ನರಮನುಷ್ಯನೂ ಕೇಳಿರಲಿಲ್ಲ. ಉತ್ತರ ಅವಳ ನಾಲಿಗೆ ತುದಿಯಲ್ಲೇ ಇತ್ತು.

"ನಮ್ಮೂರೋರೆಲ್ಲ ಮರಿ ಹುಳ ಒಂದೇ ದಿನ ತರ್ತೀವಿ. ಎಲ್ಲಾರ್ ಗೂಡೂ ಒಂದೇ ವಾರದಲ್ಲಿ ರಾಮನಗರದ ಮಾರ್ಕೆಟ್‌ಗೆ ಹೋಯ್ತದೆ. ಆಮೇಲೆ ಹುಳುಮನೆ ತೊಳ್ದು ಹದಿನೈದು ದಿನ ಖಾಲಿ ಬುಡ್ತೀವಿ. ಆವಾಗ ಬನ್ನಿ. ಸೊಪ್ಪಿನ ತೋಟದ ಕಡೆ ತಿರುಗಿಸ್ಬ್ಯಾಡಿ, ಅಷ್ಟೇ. ಗಾಡಿ ಮುಂದೆ ನಾನೇ ನಡ್ಕಂಡು ದಾರಿ ತೋರಿಸ್ತೀನಿ."

"ಅಲ್ಲಿಯವರೆಗೆ ಸೊಳ್ಳೆ?" ಎಂದ ಉದಯಶಂಕರ್.

"ಹೊಗೆ ಹಾರೋ ಸೊಳ್ಳೆ ಕೊಲ್ತದೆ ಸಾರ್, ನೀರಲ್ಲಿರೋ ಮರಿ ಕೊಲ್ಲಾಕಿಲ್ಲ," ಎಂದಳು ಹಮೀದಾ. "ಅದು ಹುಟ್ಟೋದು ನಮ್ಮ ಡ್ರಮ್ಮಲ್ಲಿ, ತೊಟ್ಟೀಲಿ. ಪ್ರತಿ ಶುಕ್ರವಾರ ಎಲ್ಲಾ ಖಾಲಿ ಮಾಡಿ ಉಜ್ಜಿಸೋದು ಸಂಘಗಳ ಜವಾಬ್ದಾರಿ. ಡ್ರಮ್ಮಿಗೆ ಮುಚ್ಚಳ, ಖಾಲಿ ಮಾಡಾಕಾಗ್ದಿರೋ ದೊಡ್ಡ ತೊಟ್ಟಿಗೆ ಮರಿ ತಿನ್ನೋ ಮೀನು, ಅದು ಯೋಜ್ನೆ ಜವಾಬ್ದಾರಿ."

ಉದಯಶಂಕರ್ ಮುಖ ಊದಿಸಿಕೊಳ್ಳಲಿಲ್ಲ, ಅದು ಅವನ ದೊಡ್ಡತನ. ಎಲ್ಲರೆದುರೇ ಬುಧವಾರದ ತಾರೀಕಿಗೆ ಗೀಟು ಎಳೆದು ರದ್ದು ಮಾಡಿದ. ಸಂಘಗಳನ್ನು ಕೇಳಿ ತಾರೀಕು ಇಡಬೇಕು, ಯೋಜನೆಯ ಕರಡನ್ನು ಕನ್ನಡದಲ್ಲಿ ಮೊದಲೇ ಕೊಡಬೇಕು, ಸಮಿತಿಯಲ್ಲಿ ಸಂಘದವರು ಇಬ್ಬರಿರಬೇಕು ಎಂದು ಯೋಜನೆಯವರು ಅಲ್ಲೇ ಬರೆದರು. ಆ ಇಬ್ಬರಲ್ಲಿ ಒಬ್ಬಳು ಮಾಯಮ್ಮ.

ಆ ಬುಧವಾರ ಹುಳು ಹಣ್ಣಾದವು. ಗೂಡು ಕಟ್ಟಲು ಹುಳು ಬಿಟ್ಟ ಬಿದಿರಿನ ಚಂದ್ರಿಕೆ ತುಂಬ ಗೂಡು! ನೆರೆಹೊರೆಯವರೆಲ್ಲ ಸೇರಿ ಹಾಡಿಕೊಂಡು ಗೂಡು ಬಿಡಿಸಿದರು. ಹುಳುಮನೆ ಖಾಲಿಯಾದ ಮೇಲೆ ಹೊಗೆ ಗಾಡಿ ಬಂತು. ಮಾಯಮ್ಮ ಅದೇ ಪೊರಕೆಯನ್ನು ಬಾವುಟದ ಹಾಗೆ ಎತ್ತಿ ಹಿಡಿದು ಗಾಡಿಯ ಮುಂದೆ ನಡೆದಳು.

"ನೋಡ್ರಲಾ, ಸೊಳ್ಳೆ ಹೊಗೆಗೆ ಸಾಯ್ತಾ ಇಲ್ಲ, ಇವ್ಳುನ್ನ ನೋಡಿ ಸಾಯ್ತಾವೆ!" ಎಂದ ಬೋರಲಿಂಗಯ್ಯ. ಬೀದಿಯೆಲ್ಲ ನಕ್ಕಿತು, ಮಾಯಮ್ಮನೂ ನಕ್ಕಳು. ಆ ಮಳೆಗಾಲ ಊರಲ್ಲಿ ಡೆಂಗಿ ಬಂದದ್ದು ಒಬ್ಬರಿಗೆ ಮಾತ್ರ, ಅವರೂ ವಾರದಲ್ಲಿ ಎದ್ದು ಓಡಾಡಿದರು.

ಮೊನ್ನೆ ಇನ್ನೊಂದು ಯೋಜನೆಯವರು ಜೀಪಿನಲ್ಲಿ ಬಂದರು. ಟೀ, ಬನ್, ಪುಸ್ತಕ. ಮಾಯಮ್ಮ ಬನ್ ತಗೊಂಡು, ಪುಸ್ತಕವನ್ನು ಅವರ ಕಡೆಗೇ ತಿರುಗಿಸಿದಳು. "ನಾನು ತಿಂತಿರ್ತೀನಿ. ನೀವು ಮೊದ್ಲಿಂದ ಓದಿ ಹೇಳಿ."

ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮೂರಿಗೂ ನೆರವು ಬರುತ್ತದೆ. ಅದು ದೇಶದ್ದೇ ಇರಲಿ, ಹೊರದೇಶದ್ದೇ ಇರಲಿ, ಕೊಟ್ಟವರು ಹೇಳಿದ್ದೇ ಸರಿ ಎಂದು ಬಾಯಿ ಮುಚ್ಚಿಕೊಂಡು ಕೂರಬೇಡಿ. ಆಮೇಲೆ ಜಗಲಿಯಲ್ಲಿ ಕೂತು ಬೈದುಕೊಂಡರೆ ಸತ್ತ ಹುಳು ಏಳುವುದಿಲ್ಲ. ಯೋಜನೆ ಬರೆಯುವಾಗಲೇ ನಿಮ್ಮ ಸಂಘದವರನ್ನು ಕಳಿಸಿ. ಕರಡನ್ನು ಕನ್ನಡದಲ್ಲಿ ಕೇಳಿ. ನೀವು ಹೇಳಿದ ಮಾತು ಏನಾಯಿತೆಂದು ಮುಂದಿನ ಸಭೆಗೂ ಹೋಗಿ ಕೇಳಿ. ಬನ್ ಕೊಟ್ಟರೆ ತಿನ್ನಿ, ಯಾರು ಬೇಡ ಅಂದರು? ರುಜು ಮಾತ್ರ ಓದಿಸಿ ಕೇಳಿದ ಮೇಲೆ!